ಪಿಆರ್‌ವಿ ಎಲ್ಲಿ ಹಾಕ್ಬೇಕು? ರಾತ್ರಿ ಹೊತ್ತು ಪೈಪ್ ಒಡೀತಿದ್ದ ಒಂದು ಮನೆಯ ಪ್ರಕರಣ

ಇದು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಲ್ಲಿ ನಡೆದಿದ್ದು. ಏರಿಯಾ, ಬಿಲ್ಡರ್, ಟವರ್ ಯಾವ್ದೂ ಹೇಳಲ್ಲ, ಮನೆಯವ್ರನ್ನ ರಾಯರು ಅಂತ ಕರಿಯೋಣ, ಅದು ಅವ್ರ ನಿಜವಾದ ಹೆಸ್ರಲ್ಲ. ರಿಟೈರ್ ಆಗಿರೋ ಗಂಡ ಹೆಂಡತಿ, ಮಗ ಅಮೆರಿಕಾದಲ್ಲಿ. ನಾನು ಆಗ ಅಸೋಸಿಯೇಷನ್ನಿನ ಮೇಂಟೆನೆನ್ಸ್ ಕಮಿಟಿಯಲ್ಲಿದ್ದೆ, ಹಂಗಾಗಿ ಅವ್ರ ಕಷ್ಟನೂ ಗೊತ್ತು, ಕಮಿಟಿ ಒಳಗಿನ ಜಗಳನೂ ಗೊತ್ತು. ಮನೆಗೆ ವಾಟರ್ ಪ್ರೆಷರ್ ರೆಗ್ಯುಲೇಟರ್, ಅಂದ್ರೆ ನೀರಿನ ಒತ್ತಡ ಇಳಿಸೋ ವಾಲ್ವ್, ಪ್ಲಂಬರ್‌ಗಳು ಪಿಆರ್‌ವಿ ಅಂತಾರಲ್ಲ ಅದನ್ನ, ಎಲ್ಲಿ ಕೂರಿಸ್ಬೇಕು ಅಂತ ಕೇಳಿದ್ರೆ ಒಬ್ಬೊಬ್ರು ಒಂದೊಂದು ಜಾಗ ತೋರಿಸ್ತಾರೆ. ಈ ಮನೆಯಲ್ಲಂತೂ ಗೀಸರ್ ಮೆಕ್ಯಾನಿಕ್ ಒಂದು ಜಾಗ, ಮಗ ಒಂದು ಜಾಗ, ಪ್ಲಂಬರ್ ಇನ್ನೊಂದು ಜಾಗ ತೋರಿಸಿದ್ರು. ಮೂರು ಜನಕ್ಕೂ ಅವ್ರವ್ರ ಲೆಕ್ಕದಲ್ಲಿ ಕಾರಣ ಇತ್ತು.

ಮೊದ್ಲು ಬಿಲ್ಡಿಂಗ್ ಲೆಕ್ಕ ಹೇಳ್ಬಿಡ್ತೀನಿ, ಇಲ್ದಿದ್ರೆ ಮುಂದಿಂದು ತಲೆಗೆ ಹೋಗಲ್ಲ. ಗ್ರೌಂಡ್ ಮೇಲೆ 20 ಫ್ಲೋರು, ಒಂದೊಂದು ಫ್ಲೋರು ಸುಮಾರು 3 ಮೀಟರ್, ಟೆರೇಸ್ ಮೇಲಿನ ಟ್ಯಾಂಕಲ್ಲಿ ನೀರಿನ ಮಟ್ಟ ನೆಲದಿಂದ ಹತ್ತತ್ರ 66 ಮೀಟರ್. ಸಂಪಿನಿಂದ ಪಂಪ್ ಮಾಡಿ ಮೇಲಕ್ಕೆ ಹತ್ತಿಸ್ತಾರೆ, ಅಲ್ಲಿಂದ ಡೌನ್‌ಟೇಕ್ ಲೈನಲ್ಲಿ ತಾನೇ ಇಳಿದು ಬರುತ್ತೆ. 10 ಮೀಟರ್ ಎತ್ತರಕ್ಕೆ ಒಂದು ಕೆಜಿ ಪ್ರೆಷರ್ (ಚದರ ಸೆಂಟಿಮೀಟರಿಗೆ ಕೆಜಿ, ಪ್ಲಂಬರ್ ಬರೀ ಕೆಜಿ ಅಂತಾರೆ). ರಾಯರ ಮನೆ ಮೂರನೇ ಫ್ಲೋರು, ಅವ್ರ ಬಾತ್ರೂಮ್ ನಲ್ಲಿ ನೆಲದಿಂದ 10 ಮೀಟರ್ ಮೇಲಿದೆ ಅನ್ಕೊಳ್ಳಿ, ಆಗ ಮೇಲಿನ ನೀರಿನ ಭಾರ 56 ಮೀಟರ್, ಅಂದ್ರೆ ಮಧ್ಯದಲ್ಲಿ ಯಾವ್ದೂ ತಡೆ ಇಲ್ದಿದ್ರೆ ಅಲ್ಲಿ 5.6 ಕೆಜಿ. ಇಷ್ಟು ಬೇಡ ಅಂತ್ಲೇ ಬಿಲ್ಡರ್ ಏಳನೇ ಫ್ಲೋರಲ್ಲಿ ಒಂದೊಂದು ಡಕ್ಟ್ (ಪೈಪುಗಳು ಇಳಿಯೋ ಉದ್ದ ಸಂದು) ಒಳಗೂ ಒಂದೊಂದು ದೊಡ್ಡ ಪಿಆರ್‌ವಿ ಹಾಕಿದ್ದ, ಆ ಡಕ್ಟಲ್ಲಿ ಆರನೇ ಫ್ಲೋರಿನಿಂದ ಕೆಳಕ್ಕೆಲ್ಲಾ ನೀರು ಅದ್ರ ಮೂಲಕವೇ ಹೋಗ್ಬೇಕು. ಅದು 1.5 ಕೆಜಿಗೆ ಸೆಟ್ ಆಗಿತ್ತು, ಅಲ್ಲಿಂದ ರಾಯರ ನಲ್ಲಿ 12 ಮೀಟರ್ ಕೆಳಗೆ, 1.5ಕ್ಕೆ 1.2 ಸೇರಿಸಿದ್ರೆ 2.7 ಕೆಜಿ, ಮನೆಗೆ ಹೇಳಿ ಮಾಡ್ಸಿದ ಪ್ರೆಷರ್. ಪೇಪರ್ ಮೇಲೆ ಎಲ್ಲಾ ಸರಿಯಾಗೇ ಇತ್ತು.

ತೊಂದ್ರೆ ಶುರುವಾಗಿದ್ದು ಹೆಲ್ತ್ ಫಾಸೆಟ್ ಪೈಪಿಂದ. ಒಂದಿನ ಬೆಳಗಿನ ಜಾವ ಅದು ಒಡೆದು ಬಾತ್ರೂಮ್ ತುಂಬಾ ನೀರು, ಬದಲಾಯಿಸಿದ್ರು. ಸ್ವಲ್ಪ ದಿನಕ್ಕೆ ಇನ್ನೊಂದು ಬಾತ್ರೂಮಿಂದು ಹೋಯ್ತು. ಆಮೇಲೆ ಬಾತ್ರೂಮಿನ ವಾಶ್‌ಬೇಸಿನ್ ಕೆಳಗಿನ ಕನೆಕ್ಷನ್ ಪೈಪು. ಆ ಸಲ ರಾಯರು ಊರಲ್ಲಿರ್ಲಿಲ್ಲ, ನೀರು ಬೆಡ್‌ರೂಮಿಗೆ ನುಗ್ಗಿ, ಕೆಳಗಿನ ಎರಡನೇ ಫ್ಲೋರಿನವ್ರ ವಾರ್ಡ್ರೋಬ್ ಮೇಲೆ ಸೋರಿ, ಅವ್ರ ಪ್ಲೈವುಡ್ ಎಲ್ಲಾ ಉಬ್ಬಿ ಹೋಯ್ತು. ಆವಾಗಿಂದ ಇದು ಬರೀ ಪೈಪಿನ ವಿಷ್ಯ ಆಗಿ ಉಳೀಲಿಲ್ಲ, ವಾಟ್ಸಾಪ್ ಗ್ರೂಪಿಗೆ ಬಂತು, ಗ್ರೂಪಿಗೆ ಬಂದ್ಮೇಲೆ ಗೊತ್ತಲ್ಲ.

ಸೂಪರ್‌ವೈಸರ್ ಬಂದು ಮೊದ್ಲು ಮಾಡಿದ್ದು ಎಲ್ಲಾ ಕಡೆ ಮಾಡೋ ಕೆಲ್ಸನೇ, ಡಕ್ಟಲ್ಲಿ ಆ ಮನೆಗೆ ಹೋಗೋ ಗೇಟ್ ವಾಲ್ವನ್ನ ಅರ್ಧ ತಿರುಗಿಸಿ ಮುಚ್ಚಿದ. "ಸಾರ್ ಈಗ ಪ್ರೆಷರ್ ಕಮ್ಮಿ ಆಯ್ತು ನೋಡಿ" ಅಂತ ನಲ್ಲಿ ಬಿಟ್ಟು ತೋರ್ಸಿದ, ನೀರು ಸಣ್ಣಗೆ ಬಂತು, ರಾಯರಿಗೂ ನಂಬಿಕೆ ಆಯ್ತು. ಆದ್ರೆ ವಾಲ್ವ್ ಅರ್ಧ ಮುಚ್ಚಿದ್ರೆ ಕಮ್ಮಿ ಆಗೋದು ಹರಿಯೋ ನೀರು. ನಲ್ಲಿ ಎಲ್ಲಾ ಬಂದ್ ಮಾಡಿ ಮಲಗಿದ ಮೇಲೆ ನೀರು ಹರಿಯೋದೇ ಇಲ್ಲ, ಹರೀದೇ ಇದ್ರೆ ಆ ಸಣ್ಣ ಸಂದು ಏನನ್ನೂ ತಡೆಯಲ್ಲ, ನಿಧಾನಕ್ಕೆ ಒಳಗಿನ ಒತ್ತಡ ಹೊರಗಿನಷ್ಟೇ ಆಗ್ಬಿಡುತ್ತೆ. ಪೈಪ್ ಒಡೆಯೋದು ಈ ನಿಂತ ನೀರಿನ ಒತ್ತಡಕ್ಕೆ. ಏರೇಟರ್ (ನೀರಿನ ಹರಿವು ಕಮ್ಮಿ ಮಾಡೋಕೆ ನಲ್ಲಿ ಬಾಯಿಗೆ ಹಾಕೋ ಜಾಲರಿ) ವಿಷ್ಯದಲ್ಲೂ ಇದೇ ಗೊಂದಲ. 2024ರ ಬೇಸಿಗೆಯಲ್ಲಿ ನೀರಿಗೆ ಹಾಹಾಕಾರ ಆದಾಗ ಜಲಮಂಡಳಿ ಅಪಾರ್ಟ್‌ಮೆಂಟುಗಳಿಗೆಲ್ಲಾ ನಲ್ಲಿಗೆ ಏರೇಟರ್ ಕಡ್ಡಾಯ ಮಾಡ್ತಲ್ಲ, ನಾವೂ ಹಾಕ್ಸಿದ್ವಿ, ನೀರು ಉಳೀತು, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಏರೇಟರ್ ಇರೋದು ನಲ್ಲಿ ತುದಿಯಲ್ಲಿ, ಅದ್ರ ಹಿಂದಿನ ಪೈಪಿನ ಒತ್ತಡಕ್ಕೂ ಅದಕ್ಕೂ ಸಂಬಂಧ ಇಲ್ಲ. ಈ ಏರೇಟರ್ ಕಥೆಯಲ್ಲಿ ಇನ್ನೊಂದು ಸಲ ಬರುತ್ತೆ.

ಅರ್ಧ ಮುಚ್ಚಿದ ವಾಲ್ವಿಂದ ಬೆಳಗ್ಗೆ ಸ್ನಾನಕ್ಕೆ ನೀರು ಸಾಲ್ದೆ ಹೋಯ್ತು, ಪೈಪ್ ಒಡೆಯೋದು ನಿಲ್ಲಲೂ ಇಲ್ಲ. ಅಷ್ಟೊತ್ತಿಗೆ ಗೀಸರ್ ಸರ್ವೀಸಿಗೆ ಬಂದವ್ರು ಸೇಫ್ಟಿ ವಾಲ್ವಿಂದ ನೀರು ತೊಟ್ಟಿಕ್ಕೋದು ನೋಡಿ, ನಿಮ್ಮನೆಗೆ ಹೈ ಪ್ರೆಷರ್ ಬರ್ತಿದೆ, ಗೀಸರ್ ಟ್ಯಾಂಕ್ ಹೋಗ್ಬಿಡುತ್ತೆ ಅಂತ ಹೆದ್ರಿಸಿ, ಗೀಸರಿನ ತಣ್ಣೀರು ಇನ್ಲೆಟ್ಟಿಗೆ ಒಂದು ಚಿಕ್ಕ ಪಿಆರ್‌ವಿ ಹಾಕಿ ಹೋದ್ರು, ಫಾಲ್ಸ್ ಸೀಲಿಂಗ್ ಮೇಲೆ, ಯಾರ್ ಕಣ್ಣಿಗೂ ಬೀಳದ ಜಾಗದಲ್ಲಿ. ಗೀಸರ್ ಮೆಕ್ಯಾನಿಕ್ಕಿಗೆ ಗೀಸರ್ ಕಾಪಾಡಿದ್ರೆ ಸಾಕು, ಅವ್ನ ದೃಷ್ಟೀಲಿ ತಪ್ಪಿಲ್ಲ. ಹಾಗ್ನೋಡಿದ್ರೆ ಆ ತೊಟ್ಟಿಕ್ಕೋದು ರೋಗಾನೇ ಅಲ್ಲ. ಗೀಸರ್ ಇನ್ಲೆಟ್ಟಲ್ಲಿರೋ ಮಲ್ಟಿ ಫಂಕ್ಷನ್ ವಾಲ್ವಲ್ಲಿ ನಾನ್ ರಿಟರ್ನ್ ಇರುತ್ತೆ, ಕಾದ ನೀರು ಹಿಗ್ಗಿದ್ರೆ ವಾಪಸ್ ಲೈನಿಗೆ ಹೋಗೋ ಹಾಗಿಲ್ಲ, ಹೆಚ್ಚಾಗಿದ್ದನ್ನ ಆ ವಾಲ್ವೇ ಹೊರಗೆ ಬಿಡುತ್ತೆ. ಕಾಯೋವಾಗ ನಾಕು ಹನಿ ಬಿದ್ರೆ ಅದು ಕೆಲ್ಸ ಮಾಡ್ತಿದೆ ಅಂತರ್ಥ. ಗೀಸರ್ ಆಫ್ ಇದ್ದಾಗ್ಲೂ ಬಿಡದೆ ಸುರೀತಿದ್ರೆ ಆಗ ನೋಡ್ಬೇಕು.

ಅದಾದ್ಮೇಲೆ ಹೊಸ ಗೋಳು ಶುರುವಾಯ್ತು. ಷವರಲ್ಲಿ ಹದವಾದ ಬಿಸಿನೀರೇ ಬರ್ತಿರ್ಲಿಲ್ಲ. ಆ ಚಿಕ್ಕ ಪಿಆರ್‌ವಿಯಿಂದ ಬಿಸಿ ಲೈನಿಗೆ 1.5 ಕೆಜಿ, ತಣ್ಣೀರು ಲೈನಿಗೆ 2.7, ಎರಡೂ ಒಂದೇ ಮಿಕ್ಸರಲ್ಲಿ ಸೇರ್ಬೇಕು. ಜಾಸ್ತಿ ಒತ್ತಡ ಇರೋ ತಣ್ಣೀರು ಬಿಸಿನೀರನ್ನ ಹಿಂದಕ್ಕೆ ತಳ್ಳುತ್ತೆ, ಲಿವರ್ ಪೂರ್ತಿ ಬಿಸಿ ಕಡೆ ತಿರುಗಿಸಿದ್ರೆ ಸುಡುತ್ತೆ, ಒಂದ್ ಚೂರು ಈಕಡೆ ತಂದ್ರೆ ತಣ್ಣಗೆ ಕೊರೆಯುತ್ತೆ. ಆಂಟಿ, ಅಂದ್ರೆ ರಾಯರ ಹೆಂಡತಿ, ಬಕೆಟ್ ಸ್ನಾನಕ್ಕೆ ವಾಪಸ್ ಹೋದ್ರು, ರಾಯರು ಪಿಆರ್‌ವಿ ಸ್ಕ್ರೂ ತಿರುಗಿಸೋಕೆ ಏಣಿ ಹತ್ತಿ ಬೈಸ್ಕೊಂಡ್ರು. ಫಾಲ್ಸ್ ಸೀಲಿಂಗ್ ಒಳಗೆ ಅದ್ರ ಜಾಯಿಂಟ್ ಸಣ್ಣಗೆ ಸೋರಿ ಜಿಪ್ಸಮ್ ಬೋರ್ಡಲ್ಲಿ ಕಂದು ಕಲೆ ಬರೋವರ್ಗೂ ಯಾರಿಗೂ ಗೊತ್ತಾಗ್ಲಿಲ್ಲ. ಬಿಸಿ ಮತ್ತೆ ತಣ್ಣೀರು ಕವಲಾಗೋ ಜಾಗದ ಹಿಂದೆ ಕೂರಿಸ್ಬೇಕಾದ್ದನ್ನ ಒಂದು ಕವಲಲ್ಲಿ ಮಾತ್ರ ಕೂರಿಸಿದ್ರೆ ಹೀಗೇ ಆಗೋದು. ಇಷ್ಟೆಲ್ಲಾ ಆದ್ರೂ ಹೆಲ್ತ್ ಫಾಸೆಟ್ ಪೈಪಿಗೆ ಅದ್ರಿಂದ ಕಾಸಿನ ಉಪಯೋಗ ಇಲ್ಲ, ಅದು ತಣ್ಣೀರು ಲೈನಲ್ಲೇ ಇತ್ತಲ್ಲ.

ಮಗನಿಗೆ ವಿಡಿಯೋ ಕಾಲಲ್ಲಿ ತೋರ್ಸಿದ್ರು. ಅವ್ನಂದ, ಅಪ್ಪ ಅದೇನ್ ಅಷ್ಟು ಕಷ್ಟ, ನಮ್ಮನೇಲಿ ಮೀಟರ್ ಆದ್ಮೇಲೆ ಮೇನ್ ವಾಲ್ವ್, ಅದ್ರ ಪಕ್ಕದಲ್ಲೇ ರೆಗ್ಯುಲೇಟರ್ ಇದೆ, ಒಂದೇ ಒಂದು, ಇಡೀ ಮನೆಗೆ ಸಾಕು, ನೀವೂ ಹಂಗೇ ಮಾಡ್ಸಿ. ಅವ್ನು ಹೇಳಿದ್ದು ಅವ್ನ ಮನೆಗೆ ನೂರಕ್ಕೆ ನೂರು ಸರಿ. ಅಲ್ಲಿ ಸಿಟಿ ಲೈನು ನೇರ ಮನೆಯೊಳಗೆ ಬರುತ್ತೆ, ಆ ಲೈನಿನ ಒತ್ತಡವೇ ನಲ್ಲಿ ಒತ್ತಡ, 80 ಪಿಎಸ್‌ಐ ದಾಟಿದ್ರೆ, ಅಂದ್ರೆ ನಮ್ಮ ಲೆಕ್ಕದಲ್ಲಿ ಐದೂವರೆ ಕೆಜಿ ಮೇಲೆ, ರೆಗ್ಯುಲೇಟರ್ ಹಾಕ್ಲೇಬೇಕು ಅಂತ ಅಲ್ಲಿನ ಪ್ಲಂಬಿಂಗ್ ಕೋಡೇ ಹೇಳುತ್ತೆ. ನಮ್ಮಲ್ಲಿ ಕಾವೇರಿ ನೀರು ಮೀಟರ್ ದಾಟಿ ಸಂಪಿಗೆ ಬೀಳುತ್ತೆ, ಬಿದ್ದ ತಕ್ಷಣ ಆ ಲೈನಿನ ಒತ್ತಡದ ಕಥೆ ಮುಗೀತು. ಆಮೇಲೆ ನಲ್ಲಿಗೆ ಬರೋ ಒತ್ತಡ ಹುಟ್ಟೋದು ಓವರ್‌ಹೆಡ್ ಟ್ಯಾಂಕಿನ ಎತ್ತರದಿಂದ, ಇಲ್ಲಾ ಪ್ರೆಷರ್ ಪಂಪಿಂದ. ಮೀಟರ್ ಪಕ್ಕ ರೆಗ್ಯುಲೇಟರ್ ಹಾಕಿದ್ರೆ ಸಂಪು ನಿಧಾನಕ್ಕೆ ತುಂಬುತ್ತೆ ಅಷ್ಟೇ.

ಅದ್ಬಿಡಿ, ನಮ್ಮ ಫ್ಲ್ಯಾಟುಗಳಲ್ಲಿ ಮೇನ್ ಅನ್ನೋದೇ ಒಂದಿಲ್ಲ. ಆಗ ಮನೆಯ ಎಲ್ಲಾ ಲೈನು ಎಲ್ಲಿಂದ ಬರುತ್ತೆ ಅಂತ ಒಂದು ಕಾಗದದ ಮೇಲೆ ಬರ್ಕೊಂಡ್ವಿ, ಈ ಕೆಲ್ಸ ಮೊದಲ ದಿನವೇ ಆಗ್ಬೇಕಿತ್ತು. ಎರಡು ಬಾತ್ರೂಮಿಗೂ ಬೇರೆ ಬೇರೆ ಇನ್ಲೆಟ್, ಎರಡೂ ಪೂರ್ವದ ಡಕ್ಟಿಂದ. ಅಡುಗೆಮನೆಗೊಂದು, ಯುಟಿಲಿಟಿಗೊಂದು, ಎರಡೂ ಪಶ್ಚಿಮದ ಡಕ್ಟಿಂದ. ಫ್ಲಶ್ಶಿಗೆ ಬರೋದು ಎಸ್‌ಟಿಪಿ ನೀರು (ಕೊಳಚೆ ನೀರನ್ನ ಶುದ್ಧ ಮಾಡಿ ಮತ್ತೆ ಬಳಸೋದು), ಅದ್ರ ಟ್ಯಾಂಕೇ ಬೇರೆ, ಲೈನೇ ಬೇರೆ. ಒಂದು ಪಿಆರ್‌ವಿ ಎಲ್ಲಿ ಹಾಕಿದ್ರೂ ಇಡೀ ಮನೆ ಬರಲ್ಲ.

ಈ ಕಾಗದ ನೋಡ್ತಿದ್ದಂಗೆ ಆಂಟಿ ಹೇಳಿದ ಒಂದು ಮಾತಿಂದ ಎಲ್ಲಾ ತಿರುಗ್ತು. "ಅಡುಗೆಮನೇಲಿ ಇವತ್ತಿನವರ್ಗೂ ಏನೂ ಆಗಿಲ್ಲ ನೋಡಿ, ಆಗೋದೆಲ್ಲಾ ಬಾತ್ರೂಮಲ್ಲೇ, ಅದೂ ನಾವು ಮಲಗಿರೋವಾಗ್ಲೇ." ಅಲ್ಲೀವರ್ಗೆ ಯಾರೂ ಒತ್ತಡ ಅಳೆಯೋ ಗೇಜ್ ಹಾಕಿರ್ಲಿಲ್ಲ ಅಂತಲ್ಲ. ಪ್ಲಂಬರ್ ಬಂದು ಯುಟಿಲಿಟಿಯ ವಾಷಿಂಗ್ ಮೆಷೀನ್ ನಲ್ಲಿಗೆ ಗೇಜ್ ಸಿಕ್ಕಿಸಿ ನೋಡಿದ್ದ, ಆ ನಲ್ಲಿಗೆ ಥ್ರೆಡ್ ಇರುತ್ತಲ್ಲ, ಸುಲಭ. 2.7 ತೋರಿಸ್ತು. ರಾತ್ರಿನೂ ಬಿಟ್ಟು ನೋಡಿದ್ರು, 2.7. ಪ್ರೆಷರ್ ನಾರ್ಮಲ್ಲು, ಪೈಪೇ ಲೋಕಲ್ಲು ಅಂತ ತೀರ್ಮಾನ ಆಗಿತ್ತು. ಗೇಜ್ ಸುಳ್ಳು ಹೇಳಿರ್ಲಿಲ್ಲ, ಅದಿದ್ದಿದ್ದು ಪಶ್ಚಿಮದ ಡಕ್ಟಿನ ಲೈನಲ್ಲಿ, ತೊಂದ್ರೆ ಪೂರ್ವದ ಡಕ್ಟಲ್ಲಿ.

ಗೇಜನ್ನ ಬಾತ್ರೂಮಿನ ಹೆಲ್ತ್ ಫಾಸೆಟ್ ಆಂಗಲ್ ಕಾಕಿಗೆ (ಆ ಪೈಪ್ ಶುರುವಾಗೋ ಕಡೆ ಗೋಡೆಯಲ್ಲಿರೋ ವಾಲ್ವ್) ಹಾಕಿದ್ವಿ. ಹಗಲು ಹೊತ್ತು 2.7ರ ಆಸುಪಾಸು, ಬೆಳಗ್ಗೆ ಎಲ್ರೂ ಸ್ನಾನ ಮಾಡೋ ಟೈಮಲ್ಲಿ ಇನ್ನೂ ಕೆಳಗೆ. ಮೊಬೈಲನ್ನ ಗೇಜ್ ಎದ್ರಿಗೆ ನಿಲ್ಸಿ ರಾತ್ರಿಯೆಲ್ಲಾ ಸ್ವಲ್ಪ ಸ್ವಲ್ಪ ಹೊತ್ತಿಗೊಂದು ಫೋಟೋ ತೆಗೆಯೋ ಹಾಗೆ ರಾಯರೇ ಸೆಟ್ ಮಾಡಿದ್ರು, ರಿಟೈರ್ಡ್ ಮೇಷ್ಟ್ರು, ಇಂಥಾದ್ರಲ್ಲಿ ಅವ್ರಿಗೆ ಖುಷಿ. ಹನ್ನೊಂದೂವರೆಗೆ ಮುಳ್ಳು ಏರೋಕೆ ಶುರು, ಒಂದೂವರೆಗೆ 4 ದಾಟ್ತು, ಮೂರು ಗಂಟೆಗೆ 5.6ಕ್ಕೆ ಬಂದು ನಿಂತ್ಬಿಡ್ತು. 5.6 ಅಂದ್ರೆ ಟ್ಯಾಂಕಿನ ಪೂರ್ತಿ ಭಾರ, ನಡುವೆ ಏಳನೇ ಫ್ಲೋರಲ್ಲಿ ಪಿಆರ್‌ವಿ ಇದೆ ಅನ್ನೋ ಲೆಕ್ಕಾನೇ ಇಲ್ಲ. ಐದು ಗಂಟೆಗೆ ಯಾರೋ ಮೊದಲ ನಲ್ಲಿ ತಿರುಗಿಸಿದ ಕೂಡ್ಲೇ ಮುಳ್ಳು ಧೊಪ್ಪಂತ ಕೆಳಗೆ.

ಏಳನೇ ಫ್ಲೋರಿನ ಪೂರ್ವದ ಡಕ್ಟ್ ಬಾಗಿಲು ತೆಗೆದು ಟಾರ್ಚ್ ಬಿಟ್ಟು ನೋಡಿದ್ರೆ ಪಿಆರ್‌ವಿ ಪಕ್ಕದ ಬೈಪಾಸ್ ವಾಲ್ವು, ಅಂದ್ರೆ ಪಿಆರ್‌ವಿ ತಪ್ಪಿಸಿ ನೀರು ಬಿಡೋ ವಾಲ್ವು, ಒಂದು ಸುತ್ತಿನಷ್ಟು ತೆರೆದಿತ್ತು. ಯಾರು ತೆಗೆದ್ರು ಅಂತ ಕೂಗಾಡೋ ಬದ್ಲು ಯಾಕೆ ತೆಗೆದ್ರು ಅಂತ ಕೇಳಿದ್ದಕ್ಕೆ ನಿಜ ಹೊರಗೆ ಬಂತು. ಏರೇಟರ್ ಹಾಕ್ಸಿದ ಮೇಲೆ ಆರನೇ ಫ್ಲೋರಿನವ್ರು ಬೆಳಗ್ಗೆ ನೀರೇ ಬರಲ್ಲ ಅಂತ ದಿನಾ ಕಂಪ್ಲೇಂಟ್ ಮಾಡ್ತಿದ್ರು. ಆ ಝೋನಲ್ಲಿ ಅವ್ರೇ ಮೇಲಿನವ್ರು, ಅವ್ರಿಗೆ ಬರೋದೇ 1.8 ಕೆಜಿ. ಅದ್ರ ಜೊತೆ ಪಿಆರ್‌ವಿ ಹಿಂದಿನ ಸ್ಟ್ರೈನರ್ (ಕಸ ಹಿಡಿಯೋ ಜಾಲರಿ) ಕಟ್ಕೊಂಡಿತ್ತು, ಬೋರ್‌ವೆಲ್ ಟ್ಯಾಂಕರ್ ನೀರಿನ ಸುಣ್ಣದ ಹೊಪ್ಪಳೆ, ಮರಳು, ಟೆಫ್ಲಾನ್ ಟೇಪಿನ ಚೂರು. ಹಿಂದೆ ಇದ್ದ ಸೂಪರ್‌ವೈಸರ್ ಬೈಗುಳ ತಿಂದು ತಿಂದು ಸಾಕಾಗಿ ಬೈಪಾಸ್ ಒಂದು ಸುತ್ತು ಬಿಟ್ಟಿದ್ದ, ಆರನೇ ಫ್ಲೋರಿನವ್ರು ಖುಷಿಯಾದ್ರು, ಅವ್ನು ಕೆಲ್ಸ ಬಿಟ್ಟು ಹೋದ, ಯಾರಿಗೂ ಹೇಳಿರ್ಲಿಲ್ಲ. ಹಗಲು ಜನ ನೀರು ಬಳಸ್ತಿರೋವಾಗ ಬೈಪಾಸಿಂದ ನುಸುಳೋ ಆ ಸಣ್ಣ ನೀರು ಹಂಗಂಗೇ ಖರ್ಚಾಗೋಗುತ್ತೆ, ಗೇಜಲ್ಲಿ ಏನೂ ಕಾಣಲ್ಲ. ರಾತ್ರಿ ಎಲ್ಲಾ ನಲ್ಲಿ ನಿಂತ್ಮೇಲೆ ನುಸುಳಿದ್ದಕ್ಕೆ ಹೋಗೋಕೆ ಜಾಗ ಇಲ್ಲ, ಒತ್ತಡ ಏರ್ತಾ ಏರ್ತಾ ಮೇಲಿನ ಮಟ್ಟಕ್ಕೆ ಸಮ ಆಗುತ್ತೆ. ಪಿಆರ್‌ವಿ ಒಳಗೆ ನೀರು ಮುಚ್ಚಿ ಹಿಡಿಯೋ ಸೀಟ್ ಸವೆದಿದ್ರೂ ಇದೇ ಲಕ್ಷಣ ಕಾಣುತ್ತೆ, ಹಂಗಾಗಿ ಬೈಪಾಸ್ ಪೂರ್ತಿ ಮುಚ್ಚಿ ಇನ್ನೊಂದು ರಾತ್ರಿ ನೋಡಿದ್ವಿ, ಮುಳ್ಳು 2.7 ಬಿಟ್ಟು ಅಲ್ಲಾಡ್ಲಿಲ್ಲ. ಸೀಟ್ ಚೆನ್ನಾಗೇ ಇತ್ತು.

ಆ ಲೈನಲ್ಲಿ ಕೆಳಗೆ ಇರೋವ್ರನ್ನೂ ವಿಚಾರಿಸಿದ್ವಿ, ಒಂದನೇ ಫ್ಲೋರಲ್ಲಿ ಬಾಡಿಗೆಗೆ ಇದ್ದ ಹುಡುಗ್ರು ಪೈಪ್ ಒಡೆದಾಗೆಲ್ಲಾ ಹೊಸದು ತಂದು ಹಾಕ್ಕೊಂಡು ಸುಮ್ನಿದ್ರಂತೆ. ಅವ್ರಿಗೆ ರಾಯರಿಗಿಂತ ಜಾಸ್ತಿ ಒತ್ತಡ ಬರ್ತಿತ್ತು. ಎರಡನೇ ಫ್ಲೋರಿನವ್ರು ಹೆಲ್ತ್ ಫಾಸೆಟ್ ಬಳಸಿದ್ಮೇಲೆ ಆಂಗಲ್ ಕಾಕ್ ಮುಚ್ಚೋ ಅಭ್ಯಾಸದವ್ರು, ಅವ್ರ ಪೈಪಿಗೆ ಏನೂ ಆಗಿರ್ಲಿಲ್ಲ. ಇದನ್ನ ಎಲ್ರೂ ಮಾಡ್ಬೋದು, ದುಡ್ಡು ಕೊಡ್ಬೇಕಾಗಿಲ್ಲ. ಕಾಕ್ ಮುಚ್ಚದೆ ಬರೀ ಸ್ಪ್ರೇ ಗನ್ ಕೈಬಿಟ್ಟು ಹೋದ್ರೆ ಆ ಪೈಪ್ ಮೇಲೆ ಹಗಲೂ ರಾತ್ರಿ ಒತ್ತಡ ಕೂತಿರುತ್ತೆ.

ಇಷ್ಟಕ್ಕೇ ರಾಯರ ಮನೆಗೆ ಪಿಆರ್‌ವಿ ಬೇಕಾ ಬೇಡ್ವಾ ಅನ್ನೋ ಪ್ರಶ್ನೆ ಮುಗೀಲಿಲ್ಲ. ಕಮಿಟಿಯಲ್ಲಿ ಒಬ್ರು ಹಿರಿಯ ಇಂಜಿನಿಯರ್, ಬೇಡವೇ ಬೇಡ ಅಂದ್ರು. ಮೂಲ ಸರಿಯಾಯ್ತಲ್ಲ, ಮನೆಮನೆಗೂ ಹಾಕಿದ್ರೆ ಸ್ಟ್ರೈನರ್ ಕ್ಲೀನ್ ಮಾಡೋರ್ಯಾರು, ಬೆಳಗ್ಗೆ ಫ್ಲೋ ಕಮ್ಮಿ ಆದ್ರೆ ಮತ್ತೆ ಯಾರಾದ್ರೂ ಬೈಪಾಸ್ ಮುಟ್ತಾರೆ ಅನ್ನೋದು ಅವ್ರ ವಾದ. ರಾಯರದ್ದು ಬೇರೆ, ನೀವು ಇವತ್ತು ಮುಚ್ಚಿದ್ದೀರಿ, ಮುಂದಿನ ಕಮಿಟಿ ಬಂದು ತೆಗೆದ್ರೆ ನಾನು ರಾತ್ರಿ ಎದ್ದು ಗೇಜ್ ನೋಡ್ಕೊಂಡ್ ಕೂರ್ಲಾ ಅಂತ. ನನಗೆ ಇಬ್ರ ಮಾತೂ ಸರಿ ಅನ್ನಿಸ್ತು, ಆದ್ರೆ ಕೆಳಗಿನ ಮನೆ ವಾರ್ಡ್ರೋಬ್ ನೋಡ್ಕೊಂಡು ಬಂದಿದ್ದೆ, ಹಾಗಾಗಿ ರಾಯರ ಕಡೆ ವಾಲಿದೆ.

ಕೊನೆಗೆ ಎರಡು ಪಿಆರ್‌ವಿ, ಎರಡೂ ಬಾತ್ರೂಮಿನ ಇನ್ಲೆಟ್ಟಿಗೆ, ಮೂರನೇ ಫ್ಲೋರಿನ ಪೂರ್ವದ ಡಕ್ಟ್ ಒಳಗೆ. ಅಡುಗೆಮನೆ ಯುಟಿಲಿಟಿ ಹಾಗೇ ಬಿಟ್ವಿ, ಅಲ್ಲಿ ತೊಂದ್ರೆ ಇರ್ಲಿಲ್ಲ. ಡಕ್ಟಲ್ಲೂ ಎಲ್ಲಿ ಅನ್ನೋದಕ್ಕೆ ಪ್ಲಂಬರ್ ಜೊತೆ ಒಂದು ಸುತ್ತು ವಾದ ಆಯ್ತು. ಅವ್ನಿಗೆ ಬಾತ್ರೂಮ್ ಗೋಡೆ ಒಳಗೇ ಕೂರಿಸಿ ಟೈಲ್ಸ್ ಮುಚ್ಬೇಕು ಅಂತ, ನೀಟಾಗಿ ಕಾಣುತ್ತೆ ಸಾರ್ ಅಂತ. ಪಿಆರ್‌ವಿ ಒಳಗಿರೋದು ಸ್ಪ್ರಿಂಗು, ರಬ್ಬರ್ ಡಯಾಫ್ರಮ್, ಒಂದಿನ ಹೋಗೇ ಹೋಗುತ್ತೆ, ಟೈಲ್ಸ್ ಒಳಗೆ ಹಾಕಿದ್ರೆ ಅವತ್ತು ಗೋಡೆ ಒಡೀಬೇಕು. ಆದ್ದರಿಂದ ಡಕ್ಟ್ ಬಾಗಿಲು ತೆಗೆದ್ರೆ ಎದೆಮಟ್ಟಕ್ಕೆ ಸಿಗೋ ಜಾಗ ಹಿಡಿದ್ವಿ. ಮೊದ್ಲು ಬಾಲ್ ವಾಲ್ವ್, ಆಮೇಲೆ ಸ್ಟ್ರೈನರ್, ಆಮೇಲೆ ಪಿಆರ್‌ವಿ, ಅದಾದ್ಮೇಲೆ ಗೇಜಿಗೆ ಒಂದು ಟೀ ಜಾಯಿಂಟ್, ಮತ್ತೊಂದು ಬಾಲ್ ವಾಲ್ವ್, ಎರಡೂ ಕಡೆ ಯೂನಿಯನ್, ಕೆಟ್ರೆ ಬಿಚ್ಚೋಕೆ. ಅದ್ರ ಮುಂದೆ ಲೈನು ಗೀಸರಿಗೂ ತಣ್ಣೀರಿಗೂ ಕವಲಾಗುತ್ತೆ, ಹಾಗಾಗಿ ಬಿಸಿ ತಣ್ಣೀರು ಎರಡಕ್ಕೂ ಒಂದೇ ಒತ್ತಡ. ಗೀಸರ್ ಮೇಲಿದ್ದ ಚಿಕ್ಕದನ್ನ ಕಿತ್ತು ಹಾಕಿದ ದಿನವೇ ಷವರ್ ಸರಿಹೋಯ್ತು. ಬಾಡಿ ಮೇಲೆ ಬಾಣದ ಗುರುತು ಇರುತ್ತೆ, ನೀರು ಹರಿಯೋ ದಿಕ್ಕಿಗೆ ಇರ್ಬೇಕು, ಹೇಳೋದೇ ಬೇಡ ಅನ್ಸುತ್ತೆ, ಆದ್ರೂ ಹೇಳ್ತೀನಿ. ಸೆಟ್ಟಿಂಗ್ 3 ಕೆಜಿಗೆ ಇಟ್ವಿ, 2.5ಕ್ಕೆ ಇಡಿ ಅಂತ ಪ್ಲಂಬರ್ ಅಂದಿದ್ದ. ಮಾಮೂಲಿ ಬರೋದು 2.7, ಸೆಟ್ಟಿಂಗ್ ಅದಕ್ಕಿಂತ ಮೇಲಿದ್ರೆ ಪಿಆರ್‌ವಿ ಪೂರ್ತಿ ತೆರೆದುಕೊಂಡೇ ಇರುತ್ತೆ, ಬೆಳಗ್ಗೆ ಫ್ಲೋ ಅಷ್ಟಾಗಿ ತಿನ್ನಲ್ಲ, ಮೇಲೆ ಏನಾದ್ರೂ ಕೆಟ್ಟು 5.6 ಬಂದ್ರೆ ಮಾತ್ರ ಕೆಲ್ಸಕ್ಕೆ ಬರುತ್ತೆ. ಪರೀಕ್ಷೆಗೆ ಒಂದು ರಾತ್ರಿ ಬೇಕಂತ್ಲೇ ಬೈಪಾಸ್ ಒಂದು ಸುತ್ತು ಬಿಟ್ಟು, ಒಂದನೇ ಫ್ಲೋರಿನ ಹುಡುಗ್ರಿಗೂ ಮುಂಚೆ ಹೇಳಿ ಆಂಗಲ್ ಕಾಕ್ ಎಲ್ಲಾ ಮುಚ್ಚಿಸಿ ನೋಡಿದ್ವಿ, ರಾಯರ ಬಾತ್ರೂಮ್ ಗೇಜು 3ರ ಹತ್ರಾನೇ ನಿಂತ್ಕೊಳ್ತು.

ಏಳನೇ ಫ್ಲೋರಲ್ಲಿ ಸ್ಟ್ರೈನರ್ ತೊಳೆದ್ಮೇಲೆ ಆರನೇ ಫ್ಲೋರಿನವ್ರ ಕಂಪ್ಲೇಂಟೂ ನಿಂತ್ತು, ಬೈಪಾಸ್ ಹ್ಯಾಂಡಲ್ ಬಿಚ್ಚಿ ಆಫೀಸಲ್ಲಿ ಇಟ್ವಿ, ಪಿಆರ್‌ವಿ ಆದ್ಮೇಲೆ ಒಂದು ಗೇಜ್ ಖಾಯಂ ಹಾಕಿ, ರಾತ್ರಿ ಸೆಕ್ಯುರಿಟಿಯವ್ರು ಮೂರು ಗಂಟೆ ರೌಂಡಲ್ಲಿ ರೀಡಿಂಗ್ ಬರೀತಾರೆ. ಹಗಲು ಬರೆದ ರೀಡಿಂಗಿಂದ ಈ ವಿಷ್ಯದಲ್ಲಿ ಏನೂ ಗೊತ್ತಾಗಲ್ಲ.

ಸ್ವಂತ ಮನೆಯವ್ರು ಇದನ್ನ ಓದಿ ನಮಗೇನು ಅಂತ ಕೇಳ್ಬೋದು. ಎರಡು ಮೂರು ಫ್ಲೋರಿನ ಮನೆಗೆ ಬರೀ ಟ್ಯಾಂಕಿನ ಎತ್ತರದಿಂದ ಬರೋದು ಒಂದು ಒಂದೂಕಾಲು ಕೆಜಿ, ಪಿಆರ್‌ವಿ ಯೋಚನೆಯೇ ಬೇಡ. ಮೇಲಿನ ಮನೆಗೆ ಷವರ್ ಬರಲ್ಲ ಅಂತ ಟೆರೇಸಲ್ಲಿ ಪ್ರೆಷರ್ ಪಂಪ್ ಕೂರಿಸಿದ್ರೆ ಕಥೆ ಬೇರೆ, ಪಂಪಿನ ಒತ್ತಡದ ಮೇಲೆ ಕೆಳಗಿನ ಫ್ಲೋರಿಗೆ ಎತ್ತರದ್ದೂ ಸೇರುತ್ತೆ. ಆಗ ಜಾಗ ಇರೋದು ಮೇಲಿನ ಫ್ಲೋರಿಗೆ ಕವಲು ಹೋದ್ಮೇಲೆ, ಕೆಳಗೆ ಇಳಿಯೋ ಲೈನಲ್ಲಿ. ಅದಕ್ಕಿಂತ ಮುಂಚೆ ಹಾಕಿದ್ರೆ ಪಂಪ್ ತಂದಿದ್ದೇ ದಂಡ. ಸೋಲಾರ್ ಇರೋವ್ರು ಇನ್ನೂ ಒಂದು ಹುಷಾರಾಗಿರ್ಬೇಕು, ಏರ್ ವೆಂಟ್ ಇರೋ ಮಾಮೂಲಿ ಸೋಲಾರ್ ಟ್ಯಾಂಕ್ ಪಂಪಿನ ಒತ್ತಡ ತಡೆಯಲ್ಲ. ಬಿಸಿನೀರು ಎತ್ತರದಿಂದ ಮಾತ್ರ ಇಳಿದು, ತಣ್ಣೀರು ಪಂಪಿಂದ ಬಂದ್ರೆ, ಮಿಕ್ಸರಲ್ಲಿ ತಣ್ಣೀರು ಬಿಸಿ ಲೈನಿಗೆ ನುಗ್ಗಿ ಸೋಲಾರ್ ಟ್ಯಾಂಕಿನವರ್ಗೂ ಹತ್ತಿ ವೆಂಟಿಂದ ಹೊರಗೆ ಚೆಲ್ಲುತ್ತೆ. ರಾಯರ ಷವರಿನ ಕಥೆನೇ ಇದು, ಅಲ್ಲಿ ಗೀಸರಿನ ನಾನ್ ರಿಟರ್ನ್ ಇತ್ತು, ಸೋಲಾರಲ್ಲಿ ಎಷ್ಟೋ ಮನೆಗಳಲ್ಲಿ ಅದೂ ಇರಲ್ಲ.

ವಾರ್ಡ್ರೋಬ್ ದುಡ್ಡಿನ ಜಗಳ ಮಾತ್ರ ಬಹಳ ದಿನ ಎಳೀತು. ಫ್ಲ್ಯಾಟಿನ ವಾಲ್ವ್ ಆದ್ಮೇಲೆ ಓನರ್ ಜವಾಬ್ದಾರಿ ಅಂತ ನಮ್ಮ ಬೈಲಾದಲ್ಲಿದೆ, ಒಡೆದಿದ್ದು ವಾಲ್ವ್ ಆದ್ಮೇಲಿನ ಪೈಪು, ಆದ್ರೆ ಒಡೆಸಿದ್ದು ಅಸೋಸಿಯೇಷನ್ನಿನ ಬೈಪಾಸು. ರಾಯರು ಆ ರಾತ್ರಿಯ ಗೇಜ್ ಫೋಟೋಗಳನ್ನೆಲ್ಲಾ ಪ್ರಿಂಟ್ ಹಾಕಿಸ್ಕೊಂಡು ಮೀಟಿಂಗಿಗೆ ಬಂದ್ರು. ವಾರ್ಡ್ರೋಬ್ ಖರ್ಚು ಅಸೋಸಿಯೇಷನ್ನೇ ಕೊಡ್ತು, ಮನೆಯ ಎರಡು ಪಿಆರ್‌ವಿ ಖರ್ಚು ರಾಯರದ್ದು. ಪಕ್ಕದ ಟವರಿನ ಬೈಪಾಸ್ ವಾಲ್ವುಗಳನ್ನ ಚೆಕ್ ಮಾಡಿದಾಗ ಅಲ್ಲೂ ಒಂದು ತೆರೆದಿತ್ತು.